ಡಚ್ ವ್ಯಾಕರಣದ ವೈವಿಧ್ಯವನ್ನು ರಚನಾ ವ್ಯಾಕರಣದ ನೆಲೆಯಿಂದ ಅಧ್ಯಯನ ಮಾಡುವ ಬಗೆ

ಒಬ್ಬರಿಂದ ಒಂದು ಕೆಲಸವನ್ನು ಮಾಡಿಸುವುದನ್ನು ಹೇಳಲು ಡಚ್ ಭಾಷೆಯಲ್ಲಿ ‘ದೂನ್’ ಮತ್ತು ‘ಲಾತನ್’ ಎಂಬ ಎರಡು ಸಹಾಯಕ ಕ್ರಿಯಾಪದಗಳಿವೆ. ‘ದ ಝೋನ್ ದೂತ್ ದ ಸ್ನೇವ್ ಸ್ಮೆಲ್ತನ್’ ಎಂದರೆ ಬಿಸಿಲು ಹಿಮವನ್ನು ಕರಗಿಸುತ್ತದೆ. ‘ಝೇ ಲಾತ್ ಹೆಮ್ ದ ಬ್ರೀಫ್ ಲೇಝನ್’ ಎಂದರೆ ಅವಳು ಅವನಿಂದ ಪತ್ರ ಓದಿಸುತ್ತಾಳೆ. ಹೊಸದಾಗಿ ಅಧ್ಯಯನಕ್ಕಿಳಿಯುವವರಿಗೆ ಈ ಜೋಡಿಯನ್ನೇ ನಾನು ಸೂಚಿಸುತ್ತೇನೆ. ರೂಪ ಮತ್ತು ಅರ್ಥದ ಜೋಡಿಗಳನ್ನೇ ಭಾಷೆಯ ಘಟಕಗಳೆಂದು ಕಾಣುವ ರಚನಾ ವ್ಯಾಕರಣದ (ಕನ್‌ಸ್ಟ್ರಕ್ಷನ್ ಗ್ರಾಮರ್) ಪ್ರಕಾರ ಇವು ಒಂದೇ ನಿಯಮದ ಎರಡು ವೇಷಗಳಲ್ಲ, ರೂಪವೂ ಅರ್ಥವೂ ಬೆಸೆದುಕೊಂಡ ಎರಡು ಪ್ರತ್ಯೇಕ ರಚನೆಗಳು.

ಆದ್ದರಿಂದ ಯಾವುದು ಎಲ್ಲಿ ಎಷ್ಟು ಬರುತ್ತದೆಂದು ಎಣಿಸುವ ಮೊದಲು ಅರ್ಥದ ಕುರಿತ ಊಹೆಯನ್ನು ಬರೆದಿಟ್ಟುಕೊಳ್ಳಬೇಕು. ಭಾಷಾವಿಜ್ಞಾನಿಗಳಾದ ವರ್ಹಾಖನ್ ಮತ್ತು ಕೆಮರ್ 1997ರಲ್ಲಿ ಮಂಡಿಸಿದ ವಾದದಂತೆ, ಕಾರಣವು ನೇರವಾಗಿ ಪರಿಣಾಮವನ್ನು ಉಂಟುಮಾಡುವಲ್ಲಿ ‘ದೂನ್’ ಬರುತ್ತದೆ; ನಡುವೆ ಇನ್ನೊಬ್ಬರ ಮನಸ್ಸು ಅಥವಾ ಇನ್ನೊಂದು ಶಕ್ತಿ ಕೆಲಸ ಮಾಡುವಲ್ಲಿ ‘ಲಾತನ್’ ಬರುತ್ತದೆ.

ವಾಕ್ಯಗಳಿಗಾಗಿ ‘ಕಾರ್ಪಸ್ ಖೆಸ್ಪ್ರೋಕನ್ ನೇಡರ್ಲಾಂಡ್ಸ್’ ಎಂಬ ಮಾತಿನ ಸಂಗ್ರಹವನ್ನು ಬಳಸಬಹುದು. ಸುಮಾರು 90 ಲಕ್ಷ ಪದಗಳ ಈ ಸಂಗ್ರಹದಲ್ಲಿ ಸ್ಥೂಲವಾಗಿ ಮೂರರಲ್ಲಿ ಎರಡು ಪಾಲು ನೆದರ್ಲೆಂಡ್ಸಿನದು, ಉಳಿದದ್ದು ಬೆಲ್ಜಿಯಮ್ಮಿನ ಫ್ಲಾಂಡರ್ಸ್‌ನದು.

ಹೆಚ್ಚು ಶ್ರಮ ಬೇಡುವುದು ಸಿಕ್ಕ ವಾಕ್ಯಗಳನ್ನು ಸೋಸುವ ಹಂತ. ‘ಲಾತ್’ ಎಂಬುದಕ್ಕೆ ‘ಬಿಡು, ಅವಕಾಶ ಕೊಡು’ ಎಂಬ ಅರ್ಥವೂ ಇರುವುದರಿಂದ, ಮೇಲಿನ ಪತ್ರದ ವಾಕ್ಯವನ್ನೇ ‘ಅವಳು ಅವನಿಗೆ ಪತ್ರ ಓದಲು ಬಿಡುತ್ತಾಳೆ’ ಎಂದೂ ಓದಬಹುದು. ಹಿಂದುಮುಂದಿನ ಮಾತನ್ನು ನೋಡದೆ ಅದನ್ನು ಯಾವ ಗುಂಪಿಗೂ ಸೇರಿಸಬಾರದು. ‘ತೋರಿಸು’ ಎಂಬರ್ಥದ ‘ಲಾತನ್ ಝೀನ್’, ‘ನೆನಪಿಗೆ ತರು’ ಎಂಬರ್ಥದ ‘ದೂನ್ ದೆಂಕನ್ ಆನ್’ ಇವುಗಳಲ್ಲಿ ಮಾತನಾಡುವವರಿಗೆ ಆಯ್ಕೆಯೇ ಉಳಿದಿಲ್ಲವೆನ್ನಬಹುದು. ಇಂಥ ಗಟ್ಟಿಗೊಂಡ ನುಡಿಗಟ್ಟುಗಳನ್ನು ಆಯ್ಕೆಯ ಲೆಕ್ಕದಿಂದ ಹೊರಗಿಡಬೇಕು, ಆದರೆ ಎಸೆಯಬಾರದು: ಸಾಮಾನ್ಯ ರಚನೆಯ ಕೆಳಗೆ ನಿರ್ದಿಷ್ಟ ಪದಗಳಿಗೇ ಅಂಟಿಕೊಂಡ ಸಣ್ಣ ರಚನೆಗಳೂ ನೆನಪಿನಲ್ಲಿ ನೆಲೆಸುತ್ತವೆ ಎಂಬ ಈ ಸಿದ್ಧಾಂತದ ಮಾತಿಗೆ ಅವೇ ಸಾಕ್ಷಿ.

ಉಳಿದ ಪ್ರತಿ ವಾಕ್ಯಕ್ಕೂ ಮಾಡಿಸುವವರು ಮತ್ತು ಮಾಡುವವರು ಸಜೀವರೇ, ಮುಖ್ಯ ಕ್ರಿಯಾಪದ ಸಕರ್ಮಕವೇ, ಮಾತನಾಡಿದವರು ಯಾವ ದೇಶದವರು ಎಂಬುದನ್ನು ಗುರುತು ಹಾಕಿ, ಲಾಜಿಸ್ಟಿಕ್ ರಿಗ್ರೆಶನ್ ನಡೆಸಿ; ಎರಡರಲ್ಲಿ ಯಾವ ಕ್ರಿಯಾಪದ ಬರುವ ಸಾಧ್ಯತೆಯನ್ನು ಈ ಅಂಶಗಳು ಎಷ್ಟು ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ ಎಂದು ಅಳೆಯುವ ಸಂಖ್ಯಾಶಾಸ್ತ್ರದ ಮಾದರಿ ಇದು. ದೇಶವನ್ನು ಮರೆಯುವಂತಿಲ್ಲ, ‘ದೂನ್’ ಬಳಕೆ ಬೆಲ್ಜಿಯಮ್ಮಿನ ಡಚ್‌ನಲ್ಲಿ ಹೆಚ್ಚು. ಮುಖ್ಯ ಕ್ರಿಯಾಪದವನ್ನು ಯಾದೃಚ್ಛಿಕ ಅಂಶವಾಗಿ, ಅಂದರೆ ಪ್ರತಿ ಕ್ರಿಯಾಪದದ ಸ್ವಂತ ಒಲವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯುವಂತೆ, ಸೇರಿಸದಿದ್ದರೆ, ಪದೇ ಪದೇ ಬರುವ ನಾಲ್ಕಾರು ಕ್ರಿಯಾಪದಗಳ ಅಭ್ಯಾಸವೇ ಇಡೀ ಭಾಷೆಯ ಪ್ರವೃತ್ತಿಯಂತೆ ಕಂಡೀತು. ಕೊನೆಗೆ, ಮಾದರಿಯು ತಪ್ಪಾಗಿ ಊಹಿಸಿದ ವಾಕ್ಯಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಒಂದೊಂದಾಗಿ ಓದಿ. ಗುರುತಿಸದೆ ಬಿಟ್ಟ ಸಣ್ಣ ರಚನೆಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ.