ಕ್ಲೊಂಡೈಕ್ ಹಡಗಿನ ಬೆನ್ನು ನೇರ ಮಾಡಿದ್ದು

ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ನಿವೃತ್ತಿಯ ಮೇಲೆ ಮಗಳನ್ನು ನೋಡಲು ಕೆನಡಾಕ್ಕೆ ಹೋದಾಗ ಅಳಿಯ ಯುಕಾನ್ ಪ್ರದೇಶದ ವೈಟ್‌ಹಾರ್ಸ್ ಊರಿಗೆ ಕರೆದೊಯ್ದರು. ಅಲ್ಲಿ ಯುಕಾನ್ ನದಿಯ ದಂಡೆಯ ಮೇಲೆ, ನೀರು ಬಿಟ್ಟು ಮೇಲೆದ್ದು ಕೂತಿದೆ ಎಸ್.ಎಸ್. ಕ್ಲೊಂಡೈಕ್ ಎಂಬ ಹಳೆಯ ಉಗಿಹಡಗು. ಎಲ್ಲರೂ ಅದರ ಹಿಂಬದಿಯ ದೊಡ್ಡ ಚಕ್ರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಬಾಯ್ಲರ್ ಹತ್ತಿರ ನಿಂತವನು ಅರ್ಧ ಗಂಟೆ ಕದಲಲಿಲ್ಲ. ಇದನ್ನು ಮಾಡಿ ನೋಡಬೇಕು ಎಂಬ ಹುಚ್ಚು ಹತ್ತಿದ್ದು ಅಲ್ಲೇ.

ಕ್ಲೊಂಡೈಕ್ ಎಂದರೆ ಯುಕಾನಿನಲ್ಲಿ ಚಿನ್ನ ಸಿಕ್ಕ ಸೀಮೆ; ಹೆಸರು ಕೇಳಿದವರು ಚಿನ್ನದ ಹಡಗು ಎಂದುಕೊಳ್ಳುತ್ತಾರೆ. ಕ್ಲೊಂಡೈಕ್‌ನ ಚಿನ್ನದ ಭರಾಟೆ 1890ರ ದಶಕದ ಕೊನೆಗೇ ಮುಗಿದಿತ್ತು. ಈ ಹೆಸರಿನ ಮೊದಲ ಹಡಗು ನೀರಿಗಿಳಿದದ್ದು 1929ರಲ್ಲಿ. ಅದು ಹೊತ್ತದ್ದು ಮೇಯೊ ಪ್ರದೇಶದ ಬೆಳ್ಳಿ-ಸೀಸದ ಅದಿರಿನ ಮೂಟೆಗಳನ್ನು. 1936ರ ಜೂನ್‌ನಲ್ಲಿ ನದಿಯ ಇಕ್ಕಟ್ಟಾದ ‘ಥರ್ಟಿ ಮೈಲ್’ ಭಾಗದಲ್ಲಿ ಅದು ಒಡೆದು ಮುಳುಗಿತು. ಕಂಪನಿಯವರು ಎದೆ ಬಡಿದುಕೊಂಡು ಕೂರಲಿಲ್ಲ. ಯಂತ್ರಗಳನ್ನು ಬಿಚ್ಚಿ ತಂದು, ಮರದ ಒಡಲನ್ನು ಹೆಚ್ಚುಕಡಿಮೆ ಅದೇ ಅಳತೆಗೆ ಮತ್ತೆ ಕಟ್ಟಿ 1937ರಲ್ಲಿ ಇಳಿಸಿದರು. ನಾನು ನೋಡಿದ್ದು ಈ ಎರಡನೆಯದನ್ನು. ಯಂತ್ರ ಉಳಿದರೆ ಕಾರ್ಖಾನೆ ಉಳಿಯಿತು ಎನ್ನುವುದು ನಮ್ಮ ಕಡೆಯ ಲೆಕ್ಕವೂ ಹೌದು.

ಊರಿಗೆ ಬಂದವನೇ 1:48ರ ಅಳತೆಯಲ್ಲಿ ಮಾದರಿ ಶುರುಮಾಡಿದೆ. 64 ಮೀಟರ್ ಹಡಗು 133 ಸೆಂಟಿಮೀಟರ್ ಆಯಿತು. ಒಡಲಿಗೆ ಚನ್ನಪಟ್ಟಣದವರು ಬೊಂಬೆಗೆ ಬಳಸುವ ಹಾಲೆ ಮರ, ಚಕ್ರಕ್ಕೆ ಹಿತ್ತಾಳೆ. ಉಗಿಯಿಂದಲೇ ಓಡಿಸುವ ಆಸೆಯಿತ್ತು. ಮೂವತ್ತೊಂದು ವರ್ಷ ಬಾಯ್ಲರ್ ಜೊತೆ ಸಂಸಾರ ಮಾಡಿದ್ದು ಸಾಲದೇ ಎಂದಳು ಹೆಂಡತಿ. ಹಾಗಾಗಿ ಒಳಗಿರುವುದು ಹಳೆ ಕಾರಿನ ವೈಪರ್ ಮೋಟಾರು.

ಮೊದಲ ತಪ್ಪು ನನ್ನ ಜಾಣತನದ್ದು. ಹಡಗಿನ ಮಾಳಿಗೆಗಳ ಮೇಲೆ ಕಂಬಗಳು ಎದ್ದಿರುತ್ತವೆ, ಅವುಗಳ ತಲೆಯಿಂದ ಹಿಂದಕ್ಕೂ ಮುಂದಕ್ಕೂ ಸರಳುಗಳು ಇಳಿದಿರುತ್ತವೆ. ಹಾಗ್ ಚೈನ್ ಎನ್ನುತ್ತಾರೆ. ಹೆಸರಿಗಷ್ಟೇ ಚೈನು, ಇರುವುದು ಕಬ್ಬಿಣದ ಸರಳು, ನಡುವೆ ಬಿಗಿಯುವ ತಿರುಪು. ಅಲಂಕಾರವೆಂದು ಬಗೆದು ಕೊನೆಗೆ ಅಂಟಿಸಿದರಾಯಿತು ಎಂದು ಬಿಟ್ಟೆ. ಚಕ್ರ, ಮೋಟಾರನ್ನು ಹಿಂದೆ ಕೂರಿಸಿ, ಬ್ಯಾಟರಿಯನ್ನು ಬಾಯ್ಲರಿನ ಜಾಗದಲ್ಲಿ ಮುಂದೆ ಇಟ್ಟು ಒಂದು ಮಳೆಗಾಲ ಸ್ಟ್ಯಾಂಡಿನ ಮೇಲೆ ಬಿಟ್ಟಿದ್ದೆ. ದಸರೆಯ ಹೊತ್ತಿಗೆ ದಾರ ಹಿಡಿದು ನೋಡಿದರೆ ಎರಡೂ ತುದಿ ಕುಸಿದು ನಡು ಎಂಟು ಮಿಲಿಮೀಟರ್ ಎದ್ದಿತ್ತು. ಎರಡು ಕೊಡ ತೂಗುಹಾಕಿದ ಕಾವಡಿ ಹೆಗಲ ಮೇಲೆ ಬಾಗುತ್ತದಲ್ಲ, ಹಾಗೆ.

ಆಗ ಹಡಗು ಅರ್ಥವಾಯಿತು. ಆಳವಿಲ್ಲದ, ಮರಳುದಿಣ್ಣೆಗಳ ನದಿಯಲ್ಲಿ ಓಡಬೇಕಾದರೆ ಒಡಲು ಚಪ್ಪಟೆಯಾಗಿರಬೇಕು. ಚಪ್ಪಟೆ ಒಡಲಿಗೆ ಗಟ್ಟಿ ಬೆನ್ನೆಲುಬು ಇರುವುದಿಲ್ಲ. ಭಾರವಾದ ಚಕ್ರವೂ ಎಂಜಿನ್ನುಗಳೂ ಹಿಂದೆ, ಬಾಯ್ಲರ್ ಮುಂದೆ. ಸರಳಿನಿಂದ ತುದಿಗಳನ್ನು ಮೇಲಕ್ಕೆಳೆದು ಹಿಡಿಯದೆ ಗತಿಯಿಲ್ಲ. ಮೇಲಿನದೆಲ್ಲ ಬಿಚ್ಚಿ, ಸೈಕಲ್ಲಿನ ಕಡ್ಡಿಗಳನ್ನು ಸರಳು ಮಾಡಿ, ಅದರ ನಿಪ್ಪಲ್‌ಗಳನ್ನೇ ತಿರುಪಾಗಿಸಿ ದಿನಕ್ಕೆ ಕಾಲು ಸುತ್ತಿನಂತೆ ಬಿಗಿದೆ. ಒಮ್ಮೆಲೇ ಬಿಗಿದಿದ್ದರೆ ಅಂಟು ಕಿತ್ತುಬರುತ್ತಿತ್ತು. ಬೆನ್ನು ನೇರವಾಗಲು ಮೂರು ವಾರ ಹಿಡಿಯಿತು.

ಚಕ್ರದ ಎರಡು ಪಕ್ಕದ ಕ್ರ್ಯಾಂಕುಗಳನ್ನು 90 ಡಿಗ್ರಿ ಅಂತರದಲ್ಲಿ ಕೂರಿಸುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಪಿಸ್ಟನ್ ತುದಿಯಲ್ಲಿ ಸಿಕ್ಕಿಕೊಂಡರೆ ಇನ್ನೊಂದು ತಳ್ಳುತ್ತದೆ. ಹೀಗೆ ತುದಿಯಲ್ಲಿ, ಅಂದರೆ ಡೆಡ್ ಸೆಂಟರಿನಲ್ಲಿ, ನಿಂತ ಎಂಜಿನ್ನನ್ನು ಹಾರೆ ಹಾಕಿ ಮೀಟಿದವರಿಗೆ ಇದರ ಬೆಲೆ ಗೊತ್ತು. ನನ್ನ ಮಾದರಿಯಲ್ಲಿ ಮೋಟಾರೇ ತಿರುಗಿಸುವುದರಿಂದ ಇದು ಬೇಕಿರಲಿಲ್ಲ. ಆದರೂ ತಪ್ಪಾಗಿ ಕೂರಿಸಲು ಕೈ ಬರಲಿಲ್ಲ.

ಊರ ಕೆರೆಗಿಳಿಸಿದ ದಿನ ಇನ್ನೊಂದು ಸೋಜಿಗ. ಚುಕ್ಕಾಣಿಯ ಹಲಗೆಗಳು ಚಕ್ರದ ಮುಂದೆ, ಒಡಲಿನ ಅಡಿಗೆ ಇವೆ. ಚಕ್ರವನ್ನು ಹಿಮ್ಮುಖ ತಿರುಗಿಸಿದರೆ ನೀರು ನೇರವಾಗಿ ಅವಕ್ಕೆ ಬಡಿಯುತ್ತದೆ. ಹಿಂದಕ್ಕೆ ಹೋಗುವಾಗ ಹಡಗು ಅಷ್ಟು ವಿಧೇಯವಾಗಿ ತಿರುಗುವುದನ್ನು ಕಂಡು ದಡದ ಹುಡುಗರು ಮುಂದಕ್ಕೆ ಓಡಿಸಲು ಬಿಡಲೇ ಇಲ್ಲ.

ನಿಜವಾದ ನದಿಯಲ್ಲಿ ಇಷ್ಟು ಸುಲಭವಿರಲಿಲ್ಲ. ವೈಟ್‌ಹಾರ್ಸ್‌ನಿಂದ ಡಾಸನ್‌ಗೆ ಹೊಳೆಯ ಜೊತೆ ಇಳಿದರೆ ಸುಮಾರು ಒಂದೂವರೆ ದಿನ; ಪ್ರವಾಹದ ಎದುರು ಮರಳಲು ನಾಲ್ಕೈದು ದಿನ, ದಾರಿಯುದ್ದಕ್ಕೂ ಸೌದೆಗಾಗಿ ನಿಲುಗಡೆ. ಕಬ್ಬಿನ ಸಿಪ್ಪೆ ಉರಿಸಿದ ನನಗೆ ಆ ಸೌದೆ ಹೊತ್ತವರ ಸೊಂಟ ನೆನೆದರೆ ಮೈ ಜುಮ್ಮೆನ್ನುತ್ತದೆ. ರಸ್ತೆ ಬಂದ ಮೇಲೆ ಸರಕು ಸಾಗಣೆ ರಸ್ತೆಯ ಪಾಲಾಯಿತು. ಪ್ರವಾಸಿಗರನ್ನು ಹೊತ್ತು ನೋಡಿದರು. 1955ರಲ್ಲಿ ಓಡಾಟ ನಿಂತಿತು. 1966ರಲ್ಲಿ ಊರಿನ ಬೀದಿಗಳಲ್ಲೇ ಅದನ್ನು ಈಗಿನ ಜಾಗಕ್ಕೆ ಎಳೆದರು: ಮೂರು ಬುಲ್ಡೋಜರ್, ಹನ್ನೆರಡು ಜನ, ಮೂರು ವಾರ, ಜಾರಲು ಎಂಟು ಟನ್ ಸಾಬೂನು.

ನನ್ನದು ಪಡಸಾಲೆಯಲ್ಲಿದೆ. ಮಳೆಗಾಲ ಮುಗಿದೊಡನೆ ದಾರ ಹಿಡಿಯುತ್ತೇನೆ. ಕಳೆದ ಕಾರ್ತಿಕದಲ್ಲಿ ನಡು ಎರಡು ಮಿಲಿಮೀಟರ್ ಎದ್ದಿತ್ತು. ಎಡಗಡೆಯ ತಿರುಪನ್ನು ಅರ್ಧ ಸುತ್ತು ಬಿಗಿದೆ.