‘ಕನಾರ್ಟಕ’ ಕರ್ನಾಟಕವಾಗುವ ತನಕ

ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಕಣ್ಣು ಕಾಣದ ಮೂವರು ಹುಡುಗರು ಒಟ್ಟಿಗೆ ಬಿ.ಎ.ಗೆ ಸೇರಿದರು. ಪಠ್ಯಪುಸ್ತಕಗಳನ್ನೆಲ್ಲ ಕಂಪ್ಯೂಟರ್ ಓದಿ ಹೇಳುವ ಹಾಗೆ ಮಾಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. "ಯಾರಾದ್ರೂ ಓದಿ ರೆಕಾರ್ಡ್ ಮಾಡಿ ಕೊಟ್ರ ಮುಗೀತಲ್ರಿ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ?" ಈಗ ಮೂವರೂ ಪಾಸಾಗಿದ್ದಾರೆ. ಒಬ್ಬ ಎಂ.ಎ. ಮಾಡುತ್ತಿದ್ದಾನೆ. ನಕ್ಕವರೇ ಮೊನ್ನೆ ಬಂದು, ತಮ್ಮ ಸಂಬಂಧಿಕರ ಹುಡುಗಿಗೆ ಬೇಕು, ಹೆಂಗ ಮಾಡಿದ್ರಿ ಎಂದು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ರೆಕಾರ್ಡಿಂಗನ್ನು ನಾವು ಮಾಡಲಿಲ್ಲ ಅಂತಲ್ಲ. ಎನ್‌ಎಸ್‌ಎಸ್ ಹುಡುಗಿಯರು ಪಾಳಿ ಹಾಕಿಕೊಂಡು ಓದಿದರು, ಸುಮಾರು 40 ತಾಸು ಆಯಿತು. ಫ್ಯಾನಿನ ಗರಗರ, ಹೊರಗೆ ಟಂಟಂ ಹಾರ್ನು, ಎಲ್ಲವೂ ಅದರಲ್ಲಿದೆ. ಅದನ್ನಾದರೂ ಸಹಿಸಬಹುದು. ಆದರೆ ಕ್ಲಾಸಿನಲ್ಲಿ ಸರ್ "ಪುಟ 43 ತಗೀರಿ" ಅಂದರೆ 40 ತಾಸಿನ ಧ್ವನಿಯಲ್ಲಿ ಎಲ್ಲಿ ಅಂತ ಹುಡುಕುವುದು? ಬ್ರೈಲ್ ಮೂವರಲ್ಲಿ ಒಬ್ಬನಿಗಷ್ಟೇ ಸರಿಯಾಗಿ ಬರುತ್ತಿತ್ತು. ಉಳಿದಿಬ್ಬರಿಗೆ ದೃಷ್ಟಿ ಹೋಗಿದ್ದೇ ಹೈಸ್ಕೂಲಿನಲ್ಲಿ.

ಆಮೇಲೆ ಮಾಡಿದ ತಪ್ಪಿಗೆ ನಾನೇ ಹೊಣೆ. 180 ಪುಟದ ಪುಸ್ತಕವನ್ನು ಡಿಟಿಪಿ ಅಂಗಡಿಗೆ ಕೊಟ್ಟೆ. ಪುಟಕ್ಕೆ 20 ರೂಪಾಯಿಯಂತೆ 3,600 ಹೋಯಿತು. ಫೈಲ್ ತಂದು ಎನ್‌ವಿಡಿಎಯಲ್ಲಿ (ಕಂಪ್ಯೂಟರ್ ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್) ತೆರೆದರೆ ‘ಕನ್ನಡ’ ಎಂಬ ಪದಕ್ಕೆ ಅದು ಪಿ, ಎ, ಪೌಂಡ್, ಎ ಎಂದು ಒದರತೊಡಗಿತು. ಹಳೆಯ ನುಡಿ ಫಾಂಟು! ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಇಂಗ್ಲಿಷ್ ಚಿಹ್ನೆ. ಹುಡುಗ ಎರಡು ನಿಮಿಷ ಕೇಳಿ, "ಸರ, ಇದು ಇತಿಹಾಸ ಅಲ್ರಿ, ಯಾವ್ದೋ ಬ್ಯಾಂಕಿನ ರೊಕ್ಕದ ಲೆಕ್ಕ ಹೇಳಾಕತ್ತೈತಿ" ಅಂದ. ಯಂತ್ರಕ್ಕೂ ಕನ್ನಡ ಅಕ್ಷರವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಬೇಕು ಅಂತ ಮೊದಲೇ ಹೇಳದಿದ್ದದ್ದು ನನ್ನ ದಡ್ಡತನ.

ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿದೆ. ಮುಕ್ಕಾಲು ಪಾಲು ಸರಿ ಬಂತು. ಆದರೆ ಅರ್ಕಾವತ್ತು ಇದ್ದಲ್ಲೆಲ್ಲ ಎಡವಟ್ಟು. ಕರ್ನಾಟಕ ಹೋಗಿ ‘ಕನಾರ್ಟಕ’ ಆಗಿತ್ತು. ಕಣ್ಣಿದ್ದವರು ಅಂದಾಜಿನ ಮೇಲೆ ಓದಿಕೊಂಡು ಹೋಗುತ್ತಾರೆ, ಕಿವಿಯಲ್ಲಿ ಕೇಳುವವನಿಗೆ ಅದು ಬೇರೆಯೇ ಊರು. ಆಗಿನಿಂದ ಇಂಥ ಪದಗಳ ಒಂದು ಪಟ್ಟಿ ಮಾಡುತ್ತಾ ಬಂದೆ. ಹುಡುಕಿ ಬದಲಿಸುವ ಪಟ್ಟಿ, ಈಗ 300ರ ಮೇಲೆ ಇರಬಹುದು. ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಎರಡು ವರ್ಷದ ನಿದ್ದೆ ಅದರಲ್ಲಿದೆ.

ಉಳಿದ ಪುಸ್ತಕಗಳಿಗೆ ಡಿಟಿಪಿ ಸಹವಾಸವೇ ಬೇಡವೆಂದು ಮೊಬೈಲಿನಲ್ಲಿ ಫೋಟೊ ತೆಗೆದು, ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದೆವು. ಹಾಗೆ ತೆರೆದರೆ ಫೋಟೊದಲ್ಲಿನ ಅಕ್ಷರಗಳು ತಿದ್ದಬಹುದಾದ ಪಠ್ಯವಾಗಿ ಬರುತ್ತವೆ. ಮೊಬೈಲ್ ಇಡಲು ವೆಲ್ಡಿಂಗ್ ಅಂಗಡಿಯವನು 300 ರೂಪಾಯಿಗೆ ಸ್ಟ್ಯಾಂಡ್ ಮಾಡಿಕೊಟ್ಟ. ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬುದರಲ್ಲಿ ಅರ್ಧ ಗುಟ್ಟಿದೆ, ನೀವೇ ನಾಲ್ಕು ಸಲ ಕೆಡಿಸಿ ಕಲಿಯಿರಿ! ಕನ್ನಡ ಅಂಕಿಗಳಿದ್ದ ಹಳೆಯ ಪುಸ್ತಕ ಮಾತ್ರ ಅಳಿಸಿಬಿಟ್ಟಿತು. ೧ ಎಂಬುದು ‘ಗ’ ಆಗುತ್ತದೆ, ಸೊನ್ನೆ ಅನುಸ್ವಾರ ಆಗುತ್ತದೆ. ನಮ್ಮದೇ ಜಿಲ್ಲೆಯ ತಾಳಿಕೋಟೆ, 1565ರ ಯುದ್ಧ. ಅದನ್ನು ಯಂತ್ರ "ಗ ಐದು ಆರು ಐದು" ಎಂದು ಓದಿತು. ಇಸವಿ ಇದ್ದ ಸಾಲುಗಳನ್ನೆಲ್ಲ ಕೈಯಿಂದಲೇ ತಿದ್ದಬೇಕಾಯಿತು.

ತಿದ್ದಲು ಇಬ್ಬರು ವಿದ್ಯಾರ್ಥಿಗಳಿಗೆ ಪುಟಕ್ಕೆ 3 ರೂಪಾಯಿ ಕೊಟ್ಟೆ. ಮೊದಲ ಪುಸ್ತಕ ಒಂಬತ್ತು ದಿನ ತಿಂದಿತು. ಅವರು ಸರಿ ಇದೆ ಅಂದ ಫೈಲಿನಲ್ಲಿ ನಮ್ಮ ಕುರುಡ ಹುಡುಗ (ತನ್ನನ್ನು ಹಾಗೇ ಕರೆದುಕೊಳ್ಳುತ್ತಾನೆ, ನಾನಲ್ಲ) ಒಂದೇ ಸಂಜೆ ಅರವತ್ತೋ ಎಪ್ಪತ್ತೋ ತಪ್ಪು ಹಿಡಿದ. ಕಣ್ಣು ಜಾರಿದ್ದನ್ನು ಕಿವಿ ಬಿಡುವುದಿಲ್ಲ. ತಪ್ಪು ಕೇಳಿಸಿದ ಕಡೆ ಮೂರು ನಕ್ಷತ್ರ ಹೊಡೆಯುತ್ತಾ ಹೋಗು ಅಂದೆ, ಆ 3 ರೂಪಾಯಿ ಅವನಿಗೇ ಕೊಡತೊಡಗಿದೆ. ಅಲ್ಲಿಂದ ಒಂದು ಪುಸ್ತಕಕ್ಕೆ ಮೂರು ದಿನ ಸಾಕಾಯಿತು. ಅವನು ಕೇಳುವ ವೇಗಕ್ಕೆ ನನಗೆ ಒಂದಕ್ಷರ ತಿಳಿಯುವುದಿಲ್ಲ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆ. "ರೂಢಿ ಆಗೇತ್ರಿ ಸರ" ಅನ್ನುತ್ತಾನೆ.

ಇನ್ನು ಪುಟ 43ರ ಕತೆ. ಅಚ್ಚಾದ ಪುಸ್ತಕದ ಪ್ರತಿ ಪುಟ ಶುರುವಾಗುವಲ್ಲಿ ‘ಪುಟ 43’, ‘ಪುಟ 44’ ಎಂದು ಹೆಡಿಂಗ್ ಸ್ಟೈಲಿನಲ್ಲಿ ಹಾಕಿದೆ. ಹೆಡಿಂಗಿನಿಂದ ಹೆಡಿಂಗಿಗೆ ಒಂದೇ ಕೀಲಿಯಲ್ಲಿ ಜಿಗಿಯಬಹುದಲ್ವಾ? ಸರ್ ಪುಟ ಹೇಳಿದ ಮೇಲೆ ಪಕ್ಕದವನು ಹಾಳೆ ತಿರುವುವಷ್ಟರಲ್ಲಿ ಇವನು ಅಲ್ಲಿರುತ್ತಾನೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಕಾಪಿರೈಟ್ ತಕರಾರೂ ಬಂತು. 2012ರ ತಿದ್ದುಪಡಿ ನಂತರ ಅಂಗವಿಕಲರು ಓದುವ ರೂಪಕ್ಕೆ ಪುಸ್ತಕವನ್ನು ಬದಲಿಸಲು ಕಾನೂನೇ ಬಿಟ್ಟಿದೆ, ಲಾಭಕ್ಕೆ ಮಾರಬಾರದು ಅಷ್ಟೇ. ಪರೀಕ್ಷೆಯಲ್ಲೂ ಹಾಗೆ. ಬರೆದುಕೊಡುವವರನ್ನು ಇಟ್ಟುಕೊಂಡರೆ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯಿದೆ. ಆದರೂ ಮೊದಲ ಸೆಮಿಸ್ಟರಿನಲ್ಲಿ ಒಂದು ಪರೀಕ್ಷಾ ಕೇಂದ್ರದಲ್ಲಿ ಮೂರು ತಾಸು ಆಗುತ್ತಿದ್ದಂತೆ ಉತ್ತರಪತ್ರಿಕೆ ಕಿತ್ತುಕೊಂಡರು. ಅವತ್ತಿನಿಂದ ಮಾರ್ಗಸೂಚಿಯ ಜೆರಾಕ್ಸ್ ಹುಡುಗರ ಜೇಬಿನಲ್ಲೇ ಇರುತ್ತದೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪ್ 14 ಸಾವಿರ, ತಿದ್ದುಪಡಿಗೆ ಏಳೆಂಟು ಸಾವಿರ, ಡಿಟಿಪಿಗೆ ಸುರಿದ 3,600, ಇಯರ್‌ಫೋನು ಗೀಯರ್‌ಫೋನು ಒಂದು ಸಾವಿರ. ಎನ್‌ವಿಡಿಎ ಪುಕ್ಕಟೆ. ಅರ್ಧ ದುಡ್ಡು ಹಳೆಯ ವಿದ್ಯಾರ್ಥಿಗಳದ್ದು, ಉಳಿದದ್ದು ಎಲ್ಲಿಂದ ಬಂತು ಅಂತ ನಮ್ಮ ಮನೆಯವರಿಗೆ ಗೊತ್ತಾಗುವುದು ಬೇಡ. ಮೂರು ವರ್ಷಕ್ಕೆ 14 ಪುಸ್ತಕ ಆದವು.

ನಡುವೆ ಸುಮ್ನೆ ಒಂದು ನಕ್ಷೆ ಮಾಡಿ ನೋಡಿದೆ. ರಟ್ಟಿನ ಮೇಲೆ ಕೃಷ್ಣೆಗೆ ದಪ್ಪ ಹಗ್ಗ, ಭೀಮೆಗೆ ಸುತಳಿ, ಡೋಣಿಗೆ ಹೊಲಿಗೆ ದಾರ. ಆಲಮಟ್ಟಿಯ ಜಾಗದಲ್ಲಿ ಒಂದು ಕೋಟಿನ ಗುಂಡಿ. ಬೆರಳು ಆಡಿಸಿದ ಹುಡುಗ ಗುಂಡಿಯ ಹತ್ತಿರ ನಿಲ್ಲಿಸಿ, "ಹಂಗಾರ ನಮ್ಮೂರು ಡ್ಯಾಮಿನ ಈ ಕಡಿಗಿರಿ?" ಎಂದು ಕೇಳಿದ. ಹೌದು, ಅವರ ಹೊಲ ಹೋಗಿದ್ದು ಅದರ ಹಿನ್ನೀರಿನಲ್ಲೇ. ಮಳೆಗಾಲದಲ್ಲಿ ಗೋಂದು ಬಿಟ್ಟು ಡೋಣಿ ಹೋಗಿ ಭೀಮೆಗೆ ಅಂಟಿಕೊಂಡಿತು, ಹೀಗಾಗಿ ನಕ್ಷೆ ಈಗ ಅಟ್ಟದ ಮೇಲಿದೆ.

ಈ ವರ್ಷ ಸೇರಿದ ಹುಡುಗಿ ಅರ್ಥಶಾಸ್ತ್ರ ತಗೊಂಡಿದ್ದಾಳೆ. ಬೇಡಿಕೆ ರೇಖೆಯನ್ನು ಯಾವ ಯಂತ್ರವೂ ಓದಿ ಹೇಳುತ್ತಿಲ್ಲ. ಸದ್ಯಕ್ಕೆ ಊದಿನಕಡ್ಡಿ ತಂದಿಟ್ಟಿದ್ದೇನೆ, ಈ ಸಲ ಗೋಂದು ಬೇರೆ ಕಂಪನಿಯದು.