ಬದುಕಿನ ತಿರುವು ಬರೆದಿಡೋರಿಗೆ: ಹಳೇ ಬಾಡಿಗೆ ಕರಾರು ಹುಡುಕಿ

ಬದುಕಿನ ತಿರುವುಗಳನ್ನು ಬರೆದಿಡಬೇಕು ಅಂತಿದ್ದೀರಾ? ಖಾಲಿ ಹಾಳೆ ಮುಂದಿಟ್ಕೊಂಡು ಕೂತ್ರೆ ಏನೂ ಹೊಳೆಯಲ್ಲ. ಬೀರುವಿನಲ್ಲಿರೋ ಹಳೇ ಬಾಡಿಗೆ ಕರಾರುಗಳನ್ನು ತೆಗೀರಿ. ನಮ್ಮ ಬೆಂಗಳೂರಲ್ಲಿ ಹನ್ನೊಂದು ತಿಂಗಳಿಗೊಂದು ಕರಾರು ತಾನೇ, ವರ್ಷ, ವಿಳಾಸ ಎಲ್ಲಾ ಸಿಗುತ್ತೆ. ಆ ಮನೆ ಯಾಕೆ ಬಿಟ್ವಿ ಅಂತ ಪಕ್ಕದಲ್ಲಿ ಒಂದೇ ಸಾಲು ಬರೀರಿ. ಕಾಗದ ಕಳೆದಿದ್ರೆ ಊರಿನ ಘಟನೆ ಹಿಡ್ಕೊಳ್ಳಿ: 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೋ ಶುರುವಾಯ್ತಲ್ಲ, ಅದಕ್ಕೆ ಮುಂಚೆಯೋ ಆಮೇಲೋ?

ನನಗೆ ಸಿಕ್ಕಿದ್ದು ಶ್ರೀರಾಮಪುರದ ವಠಾರದ ಕರಾರು. ಛಾಪಾ ಕಾಗದದ ಕೆಳಗೆ ಸಾಕ್ಷಿಯಾಗಿ ಅಪ್ಪನ ಸಹಿ. ಕೈ ನಡುಗಿ ಕೊನೇ ಅಕ್ಷರ ಗೆರೆ ದಾಟಿದೆ. ಅವರಿಗೆ ಆಗಲೇ ಹುಷಾರಿರಲಿಲ್ಲ ಅನ್ನೋದು ಈಗ ಅರ್ಥವಾಯ್ತು. ನಾನು ದುಬೈ ಕೆಲಸ ಬೇಡ ಅಂತ ಇಲ್ಲೇ ಉಳಿದ ವರ್ಷ ಅದು. ಮನೇಲಿ ಹಿರಿಯರಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡೇ ಮಾಡಿ, ಈ ಭಾನುವಾರವೇ.